ಯಾರ ಹೆಸರು, ಎಷ್ಟು ದೊಡ್ಡ ಅಕ್ಷರದಲ್ಲಿ?

(ಮಹಿಳಾ ವೇದಿಕೆಯ ಆನ್‌ಲೈನ್ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ವೇದಿಕೆಯ ಅಕ್ಕಂದಿರು ನನಗೆ ಕೊಟ್ಟ ವಿಷಯ ‘ಮಹಿಳೆ ಮತ್ತು ತಂತ್ರಜ್ಞಾನ’. ಐಟಿಯಲ್ಲಿರುವ ಹೆಂಗಸರಿಗೆ ಎಲ್ಲಿ ಹೋದರೂ ಇದೇ ವಿಷಯ ಕಾದಿರುತ್ತದೆ, ಸಾರು ಚೆನ್ನಾಗಿ ಮಾಡುವವಳಿಗೆ ಪ್ರತಿ ಮದುವೆಮನೆಯಲ್ಲೂ ಒಗ್ಗರಣೆಯ ಸೌಟು ಕಾದಿರುವ ಹಾಗೆ. ನಾನು ಇವತ್ತು ಸ್ವಲ್ಪ ಪಕ್ಕಕ್ಕೆ ಸರಿದು, ನಾಲ್ಕೇ ಪುಟದ ಒಂದು ಪತ್ರಿಕೆಯ ಬಗ್ಗೆ ಮಾತಾಡುತ್ತೇನೆ. ತಂತ್ರಜ್ಞಾನವೂ ಬರುತ್ತದೆ, ಮಹಿಳೆಯರಂತೂ ಬಂದೇ ಬರುತ್ತಾರೆ.

ಪತ್ರಿಕೆ ಮಾಡಿದವಳು ನಮ್ಮ ಯಜಮಾನರ ಅಕ್ಕನ ಮಗಳು. ಮನೆ ಇಬ್ರಾಹಿಂಪಟ್ನಂ. ಹೈದರಾಬಾದಿನ ಹತ್ತಿರದ ಇಬ್ರಾಹಿಂಪಟ್ನಂ ಅಲ್ಲ. ಇದು ವಿಜಯವಾಡದ ಪಕ್ಕದ್ದು, ಕೃಷ್ಣೆಯ ದಡದ್ದು, ಥರ್ಮಲ್ ಸ್ಟೇಷನ್ನಿನ ಚಿಮಣಿಗಳು ಕಾಣುವ ಊರು. ಕೊಂಡಪಲ್ಲಿ ಬೊಂಬೆ ಎಂದರೆ ನಿಮಗೆ ಗೊತ್ತಾಗುತ್ತದೆ, ಆ ಕೊಂಡಪಲ್ಲಿಯ ನೆರೆಯೂರು. ಹುಡುಗಿ ವಿಜಯವಾಡದ ಕಾಲೇಜೊಂದರಲ್ಲಿ ಮಾಧ್ಯಮ ಪದವಿ ಓದುತ್ತಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳ ತರಗತಿಗೆ ಕೊಟ್ಟ ಕೆಲಸ ಇದು: ಪರ್ಯಾಯ ಸಂಗೀತದ ಒಂದು ಪತ್ರಿಕೆಯನ್ನು ವಿನ್ಯಾಸ ಮಾಡಿ. ಒಂದು ಮುಖಪುಟ, ಒಂದು ಪರಿವಿಡಿ, ಎದುರುಬದುರು ಎರಡು ಪುಟದಲ್ಲಿ ಹರಡಿದ ಒಂದು ಲೇಖನ. ಭಾಷೆ ನಿಮ್ಮಿಷ್ಟ. ಉಳಿದವರೆಲ್ಲ ಇಂಗ್ಲಿಷ್, ತೆಲುಗು ಎಂದರು. ಇವಳು ಕನ್ನಡ ಎಂದಳು.

ಅವಳಪ್ಪನಿಗೆ, ಅಂದರೆ ನಮ್ಮ ಭಾವನವರಿಗೆ, ಇದು ಹಿಡಿಸಲಿಲ್ಲ. ಓದಲು ಬಾರದ ಮೇಷ್ಟ್ರ ಮುಂದೆ ಕನ್ನಡ ಹಿಡಿದುಕೊಂಡು ಹೋದರೆ ಅಂಕ ಎಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆ. ಅದರ ಹಿಂದೆ ಇನ್ನೊಂದು ಮಾತೂ ಇತ್ತು. ಪದವಿ ಮುಗಿದ ಮೇಲೆ ಅವಳಿಗೆ ಡಿಸೈನ್ ಓದಬೇಕು, ಅವರಿಗೆ ಅವಳು ಎಂಬಿಎ ಮಾಡಬೇಕು. ಈ ಪ್ರಾಜೆಕ್ಟಿನ ಅಂಕ ನೋಡಿ ಮುಂದಿನ ಮಾತು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ನಾಲ್ಕು ಪುಟ ಎಂದು ಹಗುರವಾಗಿ ಹೇಳಿದೆನಾದರೂ ಆ ಹುಡುಗಿಗೆ ಅದು ಹಗುರವಾಗಿರಲಿಲ್ಲ. ನನ್ನನ್ನು ಎಳೆದದ್ದು ಕನ್ನಡ ಫಾಂಟಿನ ತೊಂದರೆಗೆ. “ಅತ್ತಾ, ನೀನು ಎಂಟೆಕ್ ತಾನೇ, ಇದು ನೋಡು” ಎಂದಳು. ತೆಲುಗು ಸೀಮೆಯ ಮಕ್ಕಳಿಗೆ ಅತ್ತೆ ಎನ್ನಲು ಬಾಯಿ ತಿರುಗುವುದಿಲ್ಲ.

ಮೊದಲು ಆ ‘ಪರ್ಯಾಯ’ ಎಂಬ ಮಾತನ್ನು ನೋಡೋಣ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಲಿಂಪಿಯಾ ಎಂಬ ಊರಿದೆ. ಅಲ್ಲಿಯ ಎವರ್‌ಗ್ರೀನ್ ಸ್ಟೇಟ್ ಕಾಲೇಜಿನಲ್ಲಿ ಬ್ರೂಸ್ ಪಾವಿಟ್ ಎಂಬ ವಿದ್ಯಾರ್ಥಿ 1980ರ ಸುಮಾರಿಗೆ ‘ಸಬ್‌ಟೆರೇನಿಯನ್ ಪಾಪ್’ ಎಂಬ ಸಣ್ಣ ಪತ್ರಿಕೆ ಶುರುಮಾಡಿದ, ಕಾಲೇಜಿನ ಓದಿನ ಭಾಗವಾಗಿಯೇ. ಅಂದರೆ ನಮ್ಮ ಹುಡುಗಿಯ ಹಾಗೆಯೇ ಅದೂ ಪ್ರಾಜೆಕ್ಟು. ದೊಡ್ಡ ಕಂಪನಿಗಳ ಬಗ್ಗೆ ಬರೆಯುವುದಿಲ್ಲ, ಅಮೆರಿಕದ ಮೂಲೆಮೂಲೆಗಳಲ್ಲಿ ತಾವೇ ದುಡ್ಡು ಹಾಕಿ ರೆಕಾರ್ಡು ಮಾಡುವವರ ಬಗ್ಗೆ ಮಾತ್ರ ಬರೆಯುವುದು, ಇಷ್ಟೇ ಅದರ ನಿಯಮ. ಮುಂದೆ ಹೆಸರು ‘ಸಬ್ ಪಾಪ್’ ಎಂದು ಚಿಕ್ಕದಾಯಿತು, ಒಂದು ಸಂಚಿಕೆ ಕಾಗದ, ಇನ್ನೊಂದು ಸಂಚಿಕೆ ಕ್ಯಾಸೆಟ್ ಎಂದಾಯಿತು, ಕೊನೆಗೆ ಅದೇ ಹೆಸರಿನ ರೆಕಾರ್ಡ್ ಕಂಪನಿಯಾಯಿತು. ನಿರ್ವಾಣ ಎಂಬ ತಂಡದ ಮೊದಲ ಆಲ್ಬಂ ‘ಬ್ಲೀಚ್’ 1989ರಲ್ಲಿ ಬಂದದ್ದು ಇಲ್ಲಿಂದಲೇ. ನನಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆ: ಎವರ್‌ಗ್ರೀನ್ ಕಾಲೇಜಿನಲ್ಲಿ ಅಂಕ, ಗ್ರೇಡು ಕೊಡುವ ಪದ್ಧತಿಯೇ ಇಲ್ಲ, ಮೇಷ್ಟ್ರು ಕೂತು ನಿಮ್ಮ ಕೆಲಸದ ಬಗ್ಗೆ ವಿವರವಾಗಿ ಬರೆದುಕೊಡುತ್ತಾರೆ. ಇದನ್ನು ನಾನು ಭಾವನವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಉತ್ತರ ಕೊಡಲಿಲ್ಲ.

ನಮ್ಮ ದೇಶದಲ್ಲೂ ಹೀಗೊಂದು ನಡೆದಿದೆ, ಅದೂ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಅಲ್ಲ. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ ಮತ್ತು ಶೇನಾ ಗಮಾತ್ ‘ರಾಕ್ ಸ್ಟ್ರೀಟ್ ಜರ್ನಲ್’ ಹೊರಡಿಸಿದರು. ಇಂಟರ್‌ನೆಟ್ ಮನೆಗೆ ಬಂದಿರದ ಕಾಲ. ಒಂದೂರಿನ ಬ್ಯಾಂಡಿಗೆ ಇನ್ನೊಂದೂರಿನ ಬ್ಯಾಂಡು ಇದೆಯೆಂದೇ ತಿಳಿಯದ ದಿನಗಳಲ್ಲಿ ಇಂಥ ಪತ್ರಿಕೆಯಲ್ಲಿ ಒಂದು ಹೆಸರು ಅಚ್ಚಾಗುವುದೆಂದರೆ ಆ ತಂಡ ಇದೆ ಎಂದು ಊರಿಗೆಲ್ಲ ಡಂಗುರ ಹೊಡೆಸಿದ ಹಾಗೆ. ಹೊಳಪು ಕಾಗದ, ಬಣ್ಣ, ಇವೆಲ್ಲ ಆಮೇಲಿನ ಮಾತು. ಪರ್ಯಾಯ ಪತ್ರಿಕೆಯ ಮೊದಲ ಕೆಲಸ ಹೆಸರು ಹಾಕುವುದು, ಬೇರೆ ಯಾರೂ ಹಾಕದವರ ಹೆಸರು.

ಇದನ್ನೆಲ್ಲ ಓದಿಕೊಂಡ ಹುಡುಗಿ ತನ್ನ ಪರಿವಿಡಿಯ ಕರಡು ಮಾಡಿದಳು. ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ತಂದು 2008ರಲ್ಲಿ ಮೊದಲ ಆಲ್ಬಂ ಮಾಡಿದ ರಘು ದೀಕ್ಷಿತ್, ಸ್ವರಾತ್ಮ ತಂಡ, ‘ನಾತಿಚರಾಮಿ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಬಿಂದುಮಾಲಿನಿ, ಕನ್ನಡ ರ‍್ಯಾಪ್ ಹಾಡುವ ಹುಡುಗರು. ಚೆನ್ನಾಗಿತ್ತು. ಆದರೆ ಎಲ್ಲವೂ ಬೆಂಗಳೂರು, ಮೈಸೂರು. ಫೋಟೋಗಳೆಲ್ಲ ಇಂಟರ್‌ನೆಟ್ಟಿನಿಂದ ಇಳಿಸಬೇಕಾದವು. ಇಬ್ರಾಹಿಂಪಟ್ನಂನಲ್ಲಿ ಕೂತು ಮಾಡುವ ಪತ್ರಿಕೆಯಲ್ಲಿ ಇಬ್ರಾಹಿಂಪಟ್ನಂನದು ಏನೂ ಇರಲಿಲ್ಲ.

ಆಗ ಬಂದರು ನಮ್ಮ ಅತ್ತೆಯವರು. ಹುಡುಗಿಗೆ ಅಜ್ಜಿ. ಊರು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು. ಮಾವನವರು ಎಪ್ಪತ್ತರ ದಶಕದ ಕೊನೆಯಲ್ಲಿ ಥರ್ಮಲ್ ಸ್ಟೇಷನ್ನಿನ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಜೊತೆಗೆ ಬಂದವರು, ಇಲ್ಲೇ ಉಳಿದರು. ಕೃಷ್ಣೆ ಅಲ್ಲೂ ಹರಿಯುತ್ತದೆ, ಇಲ್ಲೂ ಹರಿಯುತ್ತದೆ. “ನೀರು ನಮ್ಮ ಹಿಂದ ಬಂತು” ಎನ್ನುತ್ತಾರೆ. ಆ ದಿನ ಮೊಮ್ಮಗಳ ಲ್ಯಾಪ್‌ಟಾಪ್ ನೋಡಿ, “ಏನವ್ವಾ ಮಾಡಾಕತ್ತಿ?” ಎಂದು ಕೇಳಿದರು. ಇವಳು ‘ಪರ್ಯಾಯ ಸಂಗೀತ’ವನ್ನು ಅಜ್ಜಿಗೆ ತಿಳಿಯುವ ಹಾಗೆ ಹೇಳಿದಳು: “ಸಿನಿಮಾದಾಗ ಬರದ ಹಾಡಿನ ಪುಸ್ತಕ, ಅಜ್ಜಿ.”

“ಹಂಗಾದ್ರ ನಂದೂ ಬರಿ. ನಾ ಹಾಡಿದ್ದು ಯಾವ ಸಿನಿಮಾದಾಗೂ ಬಂದಿಲ್ಲ.”

ಅವರು ತಮಾಷೆಗೆ ಹೇಳಿದ್ದು. ಹುಡುಗಿ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಪಠ್ಯದಲ್ಲಿ ಕೊಟ್ಟ ಪರ್ಯಾಯದ ಲಕ್ಷಣಗಳನ್ನು ಒಂದೊಂದಾಗಿ ಓದುತ್ತ ಹೋದಳು: ದೊಡ್ಡ ಕಂಪನಿ ಇಲ್ಲ, ಜಾಹೀರಾತಿಲ್ಲ, ಕೇಳುವವರು ಸಣ್ಣ ಗುಂಪು, ಬಾಯಿಂದ ಬಾಯಿಗೆ ಹರಡುತ್ತದೆ. ನೋಡಿದರೆ ಒಲಿಂಪಿಯಾದ ಬ್ಯಾಂಡುಗಳಿಗಿಂತ ನಮ್ಮ ಅತ್ತೆಯವರಿಗೇ ಎಲ್ಲವೂ ಸರಿಯಾಗಿ ಕೂರುತ್ತದೆ. ಬೀಸುವ ಪದ, ಸೋಬಾನೆ, ಮಗು ತೂಗುವ ಹಾಡು. ಬೀಸುಕಲ್ಲು ಹೋಗಿ ಮಿಕ್ಸಿ ಬಂದು ಎಷ್ಟೋ ವರ್ಷವಾಗಿದೆ. ಮಿಕ್ಸಿ ಆಫ್ ಆದ ಮೇಲೆ ಅವರು ಗುನುಗುವುದನ್ನು ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಒಂದು ದಿನವೂ ಅದನ್ನು ಸಂಗೀತ ಎಂದು ನಾವು ಯಾರೂ ಕರೆದಿರಲಿಲ್ಲ. ಟಿವಿಯ ಸೌಂಡು ಜಾಸ್ತಿ ಮಾಡಿದ್ದುಂಟು.

ಮೂರು ಭಾನುವಾರ ಕೂತು ಫೋನಿನಲ್ಲಿ ಹನ್ನೊಂದು ಹಾಡು ರೆಕಾರ್ಡು ಮಾಡಿಕೊಂಡಳು. ಅದನ್ನು ಲ್ಯಾಪ್‌ಟಾಪಿಗೆ ಹಾಕಿದಾಗ ಹಾಡುಗಳ ಎದುರು ಏನು ಬಂತು ಗೊತ್ತೇ? ‘ಅನ್‌ನೋನ್ ಆರ್ಟಿಸ್ಟ್’. ಯಾರೋ ಗೊತ್ತಿಲ್ಲದ ಕಲಾವಿದರು. ಕಲಾವಿದೆ ಒಳಗೆ ಹುಣಸೆಹಣ್ಣು ಬಿಡಿಸುತ್ತಿದ್ದರು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಿಬಿಡುತ್ತೇನೆ. ಎಂಪಿ3 ಫೈಲಿನ ಬಾಲದಲ್ಲಿ ಹಾಡಿನ ವಿವರ ಬರೆಯಲು ಒಂದು ಚೀಟಿ ಇರುತ್ತದೆ, ಐಡಿ3 ಟ್ಯಾಗ್ ಎನ್ನುತ್ತಾರೆ. 1996ರಲ್ಲಿ ಬಂದ ಅದರ ಮೊದಲ ರೂಪ ಒಟ್ಟು 128 ಬೈಟ್. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ಹೀಗೆ. ಇಂಗ್ಲಿಷಿಗೆ 30 ಬೈಟೆಂದರೆ 30 ಅಕ್ಷರ. ಈಗ ನಾವು ಬಳಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ. ಅಲ್ಲಿಗೆ ಹತ್ತು ಚಿಹ್ನೆ. ನಮ್ಮ ಅತ್ತೆಯವರ ಹೆಸರೇ ಅದರಲ್ಲಿ ಹಿಡಿಯುವುದಿಲ್ಲ, ಊರು ಮನೆತನ ಬಿಡಿ. ಆಮೇಲಿನ ರೂಪಗಳಲ್ಲಿ ಜಾಗ ಧಾರಾಳವಾಗಿದೆ, ಆ ತಕರಾರು ಈಗಿಲ್ಲ. ಆದರೆ ‘ಕಲಾವಿದರು’ ಎಂಬ ಕಲಮು ಒಬ್ಬರು ಹಾಡು ಕಟ್ಟುತ್ತಾರೆ, ಒಬ್ಬರು ಹಾಡುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿದೆ. ‘ಯಾರಿಂದ ಕಲಿತದ್ದು’ ಎಂಬ ಕಲಮು ಅಲ್ಲಿರಲಿಲ್ಲ. ಅದು ಯಾಕೆ ಬೇಕೆಂದು ನನಗೂ ಆಗ ಹೊಳೆದಿರಲಿಲ್ಲ, ಅತ್ತೆಯವರು ಜಗಳ ತೆಗೆಯುವವರೆಗೆ.

ಜಗಳ ಆದದ್ದು ಮುಖಪುಟಕ್ಕೆ. ಮೊಮ್ಮಗಳು ಅಜ್ಜಿಯ ದೊಡ್ಡ ಫೋಟೋ ಹಾಕಿ, ಅದರ ಮೇಲೆ ಅವರ ಹೆಸರನ್ನು 72 ಪಾಯಿಂಟಿನಲ್ಲಿ ಕೂರಿಸಿದ್ದಳು. 72 ಪಾಯಿಂಟೆಂದರೆ ಒಂದಿಂಚು ಲೆಕ್ಕದ ಅಕ್ಷರ, ಸಿನಿಮಾ ಪೋಸ್ಟರಿನ ಹಾಗೆ. ನೋಡಿದ ಅಜ್ಜಿ ಹಿಗ್ಗುತ್ತಾರೆ ಎಂದು ನಾವೆಲ್ಲ ಕಾದಿದ್ದೆವು. ಅವರು ಮುಖ ಗಂಟು ಹಾಕಿಕೊಂಡರು.

“ತೆಗಿ ಅದನ್ನ. ಹಾಡು ನಂದಲ್ಲವ್ವ. ನಂದಂತ ಬರದ್ರ ಕದ್ದಂಗ ಆಗ್ತದ.”

“ಮತ್ತ ಯಾರದು ಅಜ್ಜಿ?”

“ಇದು ನಮ್ಮ ದೊಡ್ಡವ್ವಂದು. ಅದು ಬಡಿಗೇರ ಮನಿ ಸಣ್ಣ ಸೊಸೀದು. ಆ ಜೋಗುಳ ಮೇಸ್ತ್ರಿ ಹೆಂಡ್ತಿ ಕಲಿಸಿದ್ದು. ಅವರು ಯಾರದು ಕಲತರೋ.”

ಹುಡುಗಿಗೆ ದುಃಖವೇ ಆಯಿತು. ಹೆಸರಿಲ್ಲದವರಿಗೆ ಹೆಸರು ಕೊಡಬೇಕೆಂದು ಹೊರಟವಳಿಗೆ, ಆ ಹೆಸರೇ ಬೇಡ ಎಂದರೆ! ನಾನು ಮೊದಲು ಇದನ್ನು ಹಳೇ ಕಾಲದ ಸಂಕೋಚ ಎಂದುಕೊಂಡೆ; ನಮ್ಮ ಹಿರಿಯರು ಎಲ್ಲದಕ್ಕೂ ‘ನಂದೇನೈತಿ’ ಎನ್ನುವವರು ತಾನೇ. ಆದರೆ ಅವರು ಹೇಳಿದ್ದು ಸಂಕೋಚದ ಮಾತಲ್ಲ, ಲೆಕ್ಕದ ಮಾತು. ಸಾಲ ತಂದ ಸೇರನ್ನು ಯಾರ ಮನೆಯದೆಂದು ನೆನಪಿಟ್ಟುಕೊಳ್ಳುವ ಹಾಗೆ ಅವರು ಹಾಡಿನ ಲೆಕ್ಕ ಇಟ್ಟುಕೊಂಡಿದ್ದರು.

ನಮ್ಮ ಪರಂಪರೆಯಲ್ಲಿ ಹೆಸರನ್ನು ಹಾಡಿನೊಳಗೇ ಹೊಲಿಯುವ ಕ್ರಮ ಇತ್ತು, ಅಂಕಿತ. ಹೆಳವನಕಟ್ಟೆ ಗಿರಿಯಮ್ಮ ಹಾಡು ಮುಗಿಸುವಾಗ ಹೆಳವನಕಟ್ಟೆಯ ರಂಗನನ್ನು ಕರೆದರೆ ಸಾಕು, ಯಾರು ಹಾಡಿದ್ದು ಎಂದು ಗೊತ್ತಾಯಿತು. ಬೀಸುವ ಪದಕ್ಕೆ ಹೀಗೆ ಒಬ್ಬಾಕೆಯ ಅಂಕಿತವಿಲ್ಲ. ಇಬ್ಬರು ಗೂಟ ಹಿಡಿದು ಕೂತಾಗ ಒಬ್ಬಳು ಎತ್ತುತ್ತಾಳೆ, ಇನ್ನೊಬ್ಬಳು ಮುಗಿಸುತ್ತಾಳೆ. ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸದಿದ್ದರೆ ಎಷ್ಟೋ ಹಾಡು ಮಣ್ಣಾಗುತ್ತಿದ್ದವು. ಅವರ ಋಣ ದೊಡ್ಡದು. ಆದರೂ ಯೋಚಿಸಿ ನೋಡಿ: ಆ ಪುಸ್ತಕ ಎಂದರೆ ನಮ್ಮ ಬಾಯಿಗೆ ಬರುವುದು ಮಧುರಚೆನ್ನ, ಸಿಂಪಿ ಲಿಂಗಣ್ಣ ಇಂಥ ಹೆಸರುಗಳು. ಹಾಡಿದ ಒಬ್ಬ ಗರತಿಯ ಹೆಸರೂ ನಮ್ಮ ನಾಲಿಗೆಯ ಮೇಲಿಲ್ಲ.

ಇದಕ್ಕೆ ತೀರ ಎದುರಿನ ಕಥೆ ಗೌಹರ್ ಜಾನ್ ಅವರದು. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಹಾಡನ್ನು ಗ್ರಾಮಫೋನಿಗೆ ಹಿಡಿದರು. ಪ್ಲೇಟುಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸದವರಿಗೆ ಯಾರ ಹಾಡು ಯಾವುದೆಂದು ತಿಳಿಯಲೆಂದು ಹಾಡಿನ ಕೊನೆಯಲ್ಲಿ ಹಾಡಿದವರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಗೌಹರ್ ಜಾನ್ ಕೂಡ ಹಾಡು ಮುಗಿಸಿ ತಾನು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಹೇಳುವುದು ಇವತ್ತಿಗೂ ಆ ರೆಕಾರ್ಡುಗಳಲ್ಲಿ ಕೇಳುತ್ತದೆ. ಏನು ಠೀವಿ ಆ ದನಿಯಲ್ಲಿ! ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹುಡುಗಿಗೆ ಆ ರೆಕಾರ್ಡು ಕೇಳಿಸಿದೆ. ಅವಳು ಅಜ್ಜಿಗೆ ಕೇಳಿಸಿದಳು. “ಆಕಿ ಹಾಡು ಆಕಿದು, ಹೇಳ್ಕೋತಾಳ. ನಂದು ಹಂಗಲ್ಲ” ಎಂದು ಅವರು ಎದ್ದು ಹೋದರು.

ಈ ತೊಡಕಿಗೆ ದಾರಿ ತೋರಿಸಿದ್ದು ಇನ್ನೊಬ್ಬ ಹೆಣ್ಣುಮಗಳು. ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಎಂದು ನಮಗೆಲ್ಲ ಗೊತ್ತು. ಪತ್ರಿಕೆಯ ವಿಷಯದಲ್ಲಿ ನಮಗೆ ಬೇಕಾದದ್ದು ಅವರ ಅಚ್ಚಿನ ಕೆಲಸ. 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬಾಕೆ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಕಾವ್ಯ ಬರೆದಳು. ಅದರ ಪೀಠಿಕೆಯಲ್ಲಿ ತನ್ನ ಅಜ್ಜಿಯಿಂದ ಹಿಡಿದು ತನ್ನ ಮನೆತನದ ಹೆಣ್ಣುಮಕ್ಕಳನ್ನು ನೆನೆದಿದ್ದಾಳೆ. ಮೊದಲು ಅಚ್ಚಾದ ಪುಸ್ತಕದಲ್ಲಿ ಆ ಪೀಠಿಕೆಯನ್ನೂ ಕೆಲವು ಪದ್ಯಗಳನ್ನೂ ಬಿಟ್ಟಿದ್ದರು. ನಾಗರತ್ನಮ್ಮ ಮೂಲ ಹುಡುಕಿ, ಬಿಟ್ಟದ್ದೆಲ್ಲವನ್ನೂ ಸೇರಿಸಿ, 1910ರಲ್ಲಿ ಮದ್ರಾಸಿನ ವಾವಿಳ್ಳ ಪ್ರಕಾಶನದಿಂದ ಹೊರತಂದರು. ಅಶ್ಲೀಲ ಎಂಬ ದೂರು ಬಂತು, ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿತು. ಆ ನಿಷೇಧ ತೆರವಾಗಲು ಟಂಗುಟೂರಿ ಪ್ರಕಾಶಂ ಅವರ ಕಾಲ ಬರಬೇಕಾಯಿತು. ವಿಜಯವಾಡದಲ್ಲಿ ನಾವು ದಾಟುವ ಪ್ರಕಾಶಂ ಬ್ಯಾರೇಜಿಗೆ ಇರುವುದು ಅವರದೇ ಹೆಸರು.

ಕನ್ನಡ ನಾಡಿನಲ್ಲಿ ಹುಟ್ಟಿದವಳೊಬ್ಬಳು ತೆಲುಗಿನ ಒಬ್ಬ ಹೆಣ್ಣಿನ ಪುಟಗಳನ್ನು ಹುಡುಕಿ ಹಿಂದಕ್ಕೆ ತಂದಳು. ಅಜ್ಜಿಯ ಹೆಸರಿರುವ ಪೀಠಿಕೆಯನ್ನು! ಎರಡು ಭಾಷೆಯ ನಡುವೆ ಸಂಸಾರ ಮಾಡುವ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಕಥೆ ಬೇಕೇ? ಇದನ್ನು ಹೇಳಿದ ರಾತ್ರಿ ಹುಡುಗಿ ಮುಖಪುಟ ಪೂರ್ತಿ ಅಳಿಸಿದಳು. ಫೋಟೋ ಇಲ್ಲ. 72 ಪಾಯಿಂಟಿನ ಹೆಸರಿಲ್ಲ. ಮೇಲೆ ಪತ್ರಿಕೆಯ ಹೆಸರು, ಅದರ ಕೆಳಗೆ ಹನ್ನೊಂದು ಹಾಡು ಕಲಿಸಿದ ಹನ್ನೊಂದು ಹೆಂಗಸರ ಪಟ್ಟಿ, ಎಲ್ಲ ಒಂದೇ ಅಳತೆಯಲ್ಲಿ, 20 ಪಾಯಿಂಟ್. ಕೊನೆಯ ಸಾಲಿನಲ್ಲಿ ಅದೇ ಅಳತೆಯಲ್ಲಿ ಅಜ್ಜಿ, ‘ಇವರೆಲ್ಲರಿಂದ ಕಲಿತವರು’ ಎಂದು. ಅಜ್ಜಿ ಇದನ್ನು ಒಪ್ಪಿದರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿಸಿಕೊಂಡರು.

ಆ ಪಟ್ಟಿ ಮಾಡುವುದೇ ದೊಡ್ಡ ಕೆಲಸವಾಯಿತು. ಹನ್ನೊಂದರಲ್ಲಿ ನಾಲ್ವರ ಹೆಸರು ಮಾತ್ರ ಸಿಕ್ಕಿತು. ಉಳಿದವರು ‘ಬಡಿಗೇರ ಮನಿ ಸಣ್ಣ ಸೊಸಿ’, ‘ಬಾವಿ ಹತ್ತಿರದ ದೊಡ್ಡಾಕಿ’, ‘ಮೇಸ್ತ್ರಿ ಹೆಂಡ್ತಿ’. ಇಬ್ಬರೂ ಒಂದೇ ಕಲ್ಲಿನ ಗೂಟ ಹಿಡಿದು ವರ್ಷಗಟ್ಟಲೆ ಬೀಸಿದವರು. ಆದರೂ ಕರೆದದ್ದು ಮನೆಯ ಹೆಸರಿಂದ, ಗಂಡನ ಕಸುಬಿಂದ. ಆಫೀಸಿನಲ್ಲಿ ನಾನು ದಿನಾ ನೋಡುವ ಫಾರಂಗಳಲ್ಲಿ ಹೆಸರಿನ ಮುಂದೆ ಕೆಂಪು ಚುಕ್ಕಿ ಇರುತ್ತದೆ, ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಈ ಹೆಂಗಸರು ಯಾವ ಫಾರಮ್ಮಿನಲ್ಲೂ ಪಾಸಾಗುತ್ತಿರಲಿಲ್ಲ. ಹುಡುಗಿ ಅವರನ್ನು ಅಜ್ಜಿ ಕರೆದ ಹಾಗೆಯೇ ಹಾಕಿದಳು. ಪಟ್ಟಿಯಲ್ಲಿ ಒಬ್ಬರು ಇಲ್ಲಿಯ ಕಾಲೋನಿಯ ತೆಲುಗು ಗೆಳತಿ. ಅವರಿಂದ ಅಜ್ಜಿ ಒಂದು ತೆಲುಗು ಜೋಗುಳ ಕಲಿತು, ಬದಲಿಗೆ ಒಂದು ಕನ್ನಡದ್ದು ಕೊಟ್ಟಿದ್ದರಂತೆ. ಬಟ್ಟಲು ಖಾಲಿ ವಾಪಸು ಕೊಡಬಾರದು ಎಂಬ ಲೆಕ್ಕದಲ್ಲಿ.

ಪತ್ರಿಕೆಯ ಹೆಸರು ‘ಪಲುಕು’. ಕನ್ನಡದಲ್ಲಿ ಪಲುಕೆಂದರೆ ಹಾಡಿನ ಒಂದು ತುಣುಕು, ಕೊರಳು ತಿರುಗುವ ಒಂದು ಬಳುಕು. ತೆಲುಗಿನಲ್ಲಿ ಮಾತು, ನುಡಿ. ಬರೆದು ನೋಡಿದರೆ ಎರಡೂ ಲಿಪಿಯಲ್ಲಿ ಬಹುಪಾಲು ಒಂದೇ. ಪ ಮತ್ತು ಲ ಒಡಹುಟ್ಟಿದ ಅಕ್ಕತಂಗಿಯರು, ಕ ಮಾತ್ರ ಸ್ವಲ್ಪ ದೂರದ ಸಂಬಂಧ. ನಮ್ಮ ತಲೆಕಟ್ಟು ಅಡ್ಡಗೆರೆಯಂತಿದ್ದರೆ ಅವರದು ಟಿಕ್ ಹಾಕಿದ ಹಾಗೆ. ಕನ್ನಡ ಓದಲು ಬಾರದ ಮೇಷ್ಟ್ರೂ ಮುಖಪುಟದ ಹೆಸರನ್ನು ಓದಿಯಾರು ಎಂಬುದು ಅವಳ ಉಪಾಯ.

ಈಗ ಫಾಂಟಿನ ವಿಷಯ, ನನ್ನನ್ನು ಕರೆದದ್ದೇ ಅದಕ್ಕಲ್ಲವೇ. ತಲೆಬರಹಕ್ಕೆ ಅವಳು ಆರಿಸಿದ್ದು ‘ಬಾಲೂ ತಮ್ಮ’ ಎಂಬ ಉಚಿತ ಫಾಂಟು. ಗುಂಡುಗುಂಡಾಗಿ ಮುದ್ದಾಗಿದೆ. ಎಕ್ ಟೈಪ್ ಎಂಬ ತಂಡ ಮಾಡಿದ್ದು. ಅದರ ಬಳಗದಲ್ಲಿ ತೆಲುಗಿಗೆ ಬಾಲೂ ತಮ್ಮುಡು, ತಮಿಳಿಗೆ ಬಾಲೂ ತಂಬಿ, ಮಲಯಾಳಕ್ಕೆ ಚೇಟ್ಟನ್, ಗುಜರಾತಿಗೆ ಭಾಯ್, ಬಂಗಾಳಿಗೆ ದಾ. ಎಲ್ಲ ಅಣ್ಣತಮ್ಮಂದಿರೇ, ಒಬ್ಬಳು ಅಕ್ಕನೂ ಇಲ್ಲ! ಹನ್ನೊಂದು ಹೆಂಗಸರ ಹೆಸರನ್ನು ಕೊನೆಗೆ ‘ತಮ್ಮ’ನೇ ಹೊತ್ತ, ಪಾಪ.

ಇನ್ನು ಒಳಪುಟ. ನೀವು ಯಾರಾದರೂ ಸಂಘದ ಸಂಚಿಕೆಗೆ ಪುಟ ಕಟ್ಟುವವರಿದ್ದರೆ ಇದನ್ನು ಗುರುತು ಹಾಕಿಕೊಳ್ಳಿ. ಇನ್‌ಡಿಸೈನ್ ತಂತ್ರಾಂಶ ತಾನಾಗಿ ಬಿಡುವ ಸಾಲಿನ ಅಂತರ ಅಕ್ಷರದ ಅಳತೆಯ ನೂರಕ್ಕೆ ನೂರಿಪ್ಪತ್ತು; ಅಂದರೆ 10 ಪಾಯಿಂಟಿನ ಅಕ್ಷರಕ್ಕೆ 12. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ಹೋಗಿ ಗುದ್ದುತ್ತದೆ. ನಾವು 10 ಪಾಯಿಂಟಿಗೆ 16 ಇಟ್ಟೆವು, ಪುಟ ಉಸಿರಾಡಿತು. ಎರಡನೆಯದು, ಅದೇ ತಂತ್ರಾಂಶದಲ್ಲಿ ‘ವರ್ಲ್ಡ್ ರೆಡಿ’ ಎಂಬ ಕಂಪೋಸರನ್ನು ಆರಿಸಿಕೊಳ್ಳದಿದ್ದರೆ ಒತ್ತುಗಳು ಕೂಡುವುದೇ ಇಲ್ಲ. ನಮ್ಮಲ್ಲಿ ಅದು ಸರಿಯಾಗಿಯೇ ಇತ್ತು. ಅಚ್ಚಿಗೆ ಹೋದ ಅಂಗಡಿಯವರು ಪಿಡಿಎಫ್ ಬೇಡ, ಮೂಲ ಫೈಲೇ ಕೊಡಿ ಎಂದು ಹಟ ಹಿಡಿದು, ತಮ್ಮ ಹಳೆಯ ಕಂಪ್ಯೂಟರಿನಲ್ಲಿ ತೆರೆದರು. ಅವರಿಗೆ ಅಭ್ಯಾಸ ತೆಲುಗಿನ ಅನು ಫಾಂಟು, ನಮ್ಮ ಹಳೆಯ ನುಡಿಯ ಹಾಗೆ. ಕರಡಚ್ಚು ಬಂದಾಗ ಪುಟದ ತುಂಬ ‘ಅಜ್‌ಜಿ’. ಜ ಮತ್ತು ಜಿ ಮುನಿಸಿಕೊಂಡು ಬೇರೆ ಬೇರೆ ನಿಂತಿದ್ದವು. ಸಲ್ಲಿಸಲು ಉಳಿದದ್ದು ಒಂದು ದಿನ. ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಹಿಡಿದು ಇನ್ನೊಂದು ಅಂಗಡಿ ಹುಡುಕಿದೆವು. ಅಲ್ಲಿಯ ಹುಡುಗ ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಎಳೆದು ಪ್ರಿಂಟ್ ಹೊಡೆದುಕೊಟ್ಟ.

ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಮೇಷ್ಟ್ರು ಕೇಳಿದರಂತೆ: “ಮುಖಪುಟದಲ್ಲಿ ಮುಖವೇ ಇಲ್ಲವಲ್ಲಮ್ಮ, ಯಾರು ಕೊಳ್ಳುತ್ತಾರೆ? ಎಲ್ಲ ಹೆಸರೂ ಒಂದೇ ಅಳತೆಯಲ್ಲಿದ್ದರೆ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು?” ವಿನ್ಯಾಸದ ಪಾಠವಾಗಿ ಅವರ ಪ್ರಶ್ನೆ ಸರಿಯಾದದ್ದೇ, ನಾನಾದರೂ ಅದನ್ನೇ ಕೇಳುತ್ತಿದ್ದೆ. ಒಂದು ದೊಡ್ಡದು, ಒಂದು ನಡುವಿನದು, ಉಳಿದದ್ದು ಸಣ್ಣದು, ಹೀಗಿದ್ದರೆ ಓದುಗರಿಗೆ ದಾರಿ ಕಾಣುತ್ತದೆ. ಇವಳು ಹೇಳಿದಳಂತೆ: “ಸರ್, ಕಣ್ಣು ಎಲ್ಲಿಗೆ ಹೋದರೂ ನಡೆಯುತ್ತೆ. ಯಾರನ್ನೂ ದಾಟಿಕೊಂಡು ಹೋಗಬಾರದು ಅಷ್ಟೇ.” ಇನ್ನೊಬ್ಬ ಮೇಡಂ ತೆಲುಗಿನವರು, ಪಟ್ಟಿಯಲ್ಲಿ ತಡವರಿಸಿಕೊಂಡು ಬೆರಳಾಡಿಸುತ್ತಾ ಹೋಗಿ, ಆ ತೆಲುಗು ಗೆಳತಿಯ ಹೆಸರಿನ ಹತ್ತಿರ ನಿಲ್ಲಿಸಿ, “ಇದು ನಮ್ಮ ಕಡೆಯ ಹೆಸರಲ್ಲವಾ?” ಎಂದು ಓದಿದರಂತೆ. ಕನ್ನಡ ಲಿಪಿಯನ್ನು, ಕಲಿಯದೆಯೇ.

ಪುಟ ವಿನ್ಯಾಸಕ್ಕೆ ಒಳ್ಳೆಯ ಅಂಕ ಬಂತು. ‘ಮಾರುಕಟ್ಟೆ’ ಎಂಬ ಕಲಮಿನಲ್ಲಿ ತೀರ ಕಡಿಮೆ. ಒಟ್ಟು ಸೇರಿಸಿದರೆ ಭಾವನವರು ಹೂಂ ಎನ್ನುವಷ್ಟೂ ಅಲ್ಲ, ಊಹೂಂ ಎನ್ನುವಷ್ಟೂ ಅಲ್ಲ. ಡಿಸೈನ್ ಪ್ರವೇಶದ ಅರ್ಜಿಗೆ ಅವರು ಇನ್ನೂ ಸಹಿ ಹಾಕಿಲ್ಲ. ಆದರೆ ಪತ್ರಿಕೆಯ ಒಂದು ಪ್ರತಿ ಮನೆಯಲ್ಲಿ ಅವರ ಟೇಬಲ್ಲಿನ ಗಾಜಿನ ಕೆಳಗೆ ಇದೆ, ಅದನ್ನು ಅಲ್ಲಿಟ್ಟವರು ಅವರೇ. ಅರ್ಜಿಗೆ ಕೊನೆಯ ದಿನ ಇನ್ನೂ ಮೂರು ವಾರ ಇದೆ. ಅಲ್ಲಿಯವರೆಗೆ ನಾನು ಅವರ ಮನೆಗೆ ಊಟಕ್ಕೆ ಸ್ವಲ್ಪ ಜಾಸ್ತಿಯೇ ಹೋಗುತ್ತಿದ್ದೇನೆ.

ಕೊನೆಯದಾಗಿ ನಿಮ್ಮೆಲ್ಲರ ಹತ್ತಿರ ಒಂದು ಕೆಲಸವಿದೆ. ಪತ್ರಿಕೆಯ ನಡುವಿನ ಜೋಡಿಪುಟದಲ್ಲಿ ಒಂದು ಬೀಸುವ ಪದ ಅರ್ಧಕ್ಕೆ ನಿಂತಿದೆ. ತವರಿಗೆ ಹೊರಟ ಮಗಳು ಹೊಳೆ ತುಂಬಿದೆಯೆಂದು ದಡದಲ್ಲಿ ಕೂತು ಅಂಬಿಗನನ್ನು ಕರೆಯುವ ಹಾಡು. ಆಕೆ ದಾಟಿದಳೋ ಇಲ್ಲವೋ ಅಜ್ಜಿಗೆ ಮರೆತುಹೋಗಿದೆ. ಕಲಿಸಿದವರು ಆ ಬಡಿಗೇರ ಮನೆಯ ಸಣ್ಣ ಸೊಸೆ. ಹುಡುಗಿ ಅಲ್ಲಿ ಎಂಟು ಸಾಲಿನ ಜಾಗ ಖಾಲಿ ಬಿಟ್ಟಿದ್ದಾಳೆ, ಮುಖಪುಟದಲ್ಲಿ ಆಕೆಯ ಹೆಸರಿನ ಪಕ್ಕದಲ್ಲೂ ಅಷ್ಟು ಜಾಗ ಇದೆ. ನಿಮ್ಮಲ್ಲಿ ದೇವದುರ್ಗ, ಲಿಂಗಸುಗೂರು, ಸುರಪುರ, ಶಹಾಪುರದ ಕಡೆಯವರು ಇದ್ದೀರಿ. ಈ ಭಾನುವಾರ ನಿಮ್ಮ ಅವ್ವಂದಿರಿಗೆ, ಅತ್ತೆಯರಿಗೆ ಫೋನು ಮಾಡಿದಾಗ ಕೇಳಿ ನೋಡಿ. ಹಾಡು ಸಿಕ್ಕರೆ ಫೋನಿನಲ್ಲೇ ರೆಕಾರ್ಡು ಮಾಡಿ ಕಳಿಸಿ. ಯಾರಿಂದ ಕಲಿತದ್ದು ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.